ಡಬ್ಬದ ಮೇಲೆ 3000 ವ್ಯಾಟ್, ಕಿವಿಗೆ ಸಾಕು ಒಂದೇ ವ್ಯಾಟ್

ಹಬ್ಬದ ಸೇಲ್ ಶುರುವಾದರೆ ಸಾಕು, ಫೋನ್ ತುಂಬಾ ಸ್ಪೀಕರ್ ಜಾಹೀರಾತು. 4,999 ರೂಪಾಯಿಗೆ 3000 ವ್ಯಾಟ್, 7,999ಕ್ಕೆ 5000 ವ್ಯಾಟ್. ನೀವೂ ನೋಡಿರ್ತೀರಿ. ಇಸ್ತ್ರಿ ಪೆಟ್ಟಿಗೆ ಬಿಸಿಯಾಗೋಕೆ 1000 ವ್ಯಾಟ್ ಬೇಕು. ಬಚ್ಚಲುಮನೆಯ ಗೀಸರ್ 2000 ವ್ಯಾಟ್. ಹಾಗಾದ್ರೆ ಮೊಣಕಾಲೆತ್ತರದ ಈ ಡಬ್ಬ ಒಂದೂವರೆ ಗೀಸರಿನಷ್ಟು ಕರೆಂಟನ್ನು ಹಾಡು ಮಾಡಿ ಹೊರಗೆ ಬಿಡುತ್ತಾ?

ಬಿಡಲ್ಲ. ಡಬ್ಬ ತಿರುಗಿಸಿ ಹಿಂಭಾಗದ ಸಣ್ಣಕ್ಷರ ಓದಿ. ‘230 ವೋಲ್ಟ್, 50 ಹರ್ಟ್ಜ್, 60 ವ್ಯಾಟ್’ ಅಂತೇನೋ ಇರುತ್ತೆ. 60 ವ್ಯಾಟ್ ಒಳಗೆ ತಗೊಂಡು 3000 ವ್ಯಾಟ್ ಹೊರಗೆ ಕೊಡೋ ಯಂತ್ರ ಸಿಕ್ಕಿದ್ದರೆ ನಮಗೆ ಲಿಂಗನಮಕ್ಕಿ ಡ್ಯಾಮೇ ಬೇಕಿರಲಿಲ್ಲ.

ಆ 3000ದ ಪಕ್ಕ ಪುಟ್ಟದಾಗಿ ‘ಪಿಎಂಪಿಒ’ ಅಂತ ಬರೆದಿರುತ್ತಾರೆ. ದನಿ ಒಡೆದು ಹೋದರೂ ಪರವಾಗಿಲ್ಲ, ಕಣ್ಣು ಮಿಟುಕಿಸೋದಕ್ಕಿಂತ ಕಡಿಮೆ ಹೊತ್ತಿನಲ್ಲಿ ಗರಿಷ್ಠ ಎಷ್ಟು ಬರಬಹುದು ಅಂತ ಕಂಪನಿಯವರೇ ಹಾಕಿಕೊಂಡ ಲೆಕ್ಕ ಅದು. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ. ಅಮೆರಿಕದಲ್ಲಿ ಈ ಅಂಕಿಯಾಟ ಅತಿಯಾದಾಗ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಮನೆ ಆಂಪ್ಲಿಫೈಯರ್‌ಗಳಿಗೆ ಒಂದು ನಿಯಮ ತಂದಿತು. 2024ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. 8 ಓಮ್ ಸ್ಪೀಕರಿಗೆ, 20ರಿಂದ 20,000 ಹರ್ಟ್ಜ್‌ವರೆಗಿನ ಎಲ್ಲ ಸ್ವರಗಳಲ್ಲಿ, ಶೇ 1ಕ್ಕಿಂತ ಕಡಿಮೆ ವಿಕೃತಿಯಲ್ಲಿ ಎಷ್ಟು ವ್ಯಾಟ್ ಕೊಡುತ್ತೆ ಅನ್ನೋದನ್ನು ಹೇಳಬೇಕು ಅಂತ. ಅಳೆಯೋದು ಅಂದ್ರೆ ಅದು.

ಪ್ರತಿ ವಾರ ಕೋಡು, ಆ್ಯಪು ಅಂತ ಬರೆಯುವವನು ಈ ವಾರ ಸ್ಟೀರಿಯೊ ಆಂಪ್ಲಿಫೈಯರ್ ಹಿಡಿದುಕೊಂಡು ಕೂತಿದ್ದಕ್ಕೆ ಕಾರಣ ನಮ್ಮ ದೊಡ್ಡಮ್ಮ.

ದೂರ ಹೋದ ಕೃಷ್ಣ

ದೊಡ್ಡಮ್ಮ ಇರೋದು ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ. ಗ್ಲಾಕೋಮಾದಿಂದ ಎಂಟು ವರ್ಷದ ಹಿಂದೆ ಕಣ್ಣು ಪೂರ್ತಿ ಹೋಯಿತು. ಅವರ ದಿನವೆಲ್ಲ ಕಿವಿಯಲ್ಲೇ. ತೀರಿಹೋದ ದೊಡ್ಡಪ್ಪನಿಗೆ ತಾಳಮದ್ದಳೆ ಹುಚ್ಚು. ಊರಿನ ದೇವಸ್ಥಾನದಲ್ಲಿ ಕೂಟ ನಡೆದಾಗಲೆಲ್ಲ ಎರಡು ಮೈಕು ಇಟ್ಟು ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡುತ್ತಿದ್ದರು. ಅವನ್ನೆಲ್ಲ ನಾನು ಫೋನಿಗೆ ಇಳಿಸಿಕೊಟ್ಟಿದ್ದೆ. ಹಳೇ ಆಂಪ್ಲಿಫೈಯರಿಗೆ ಫೋನ್ ಸಿಕ್ಕಿಸಿ, ಎರಡು ಮರದ ಸ್ಪೀಕರಿನ ಎದುರು ಕೂತು ದೊಡ್ಡಮ್ಮ ಮಧ್ಯಾಹ್ನವಿಡೀ ಕೇಳುತ್ತಾರೆ.

ಈ ಮಳೆಗಾಲದಲ್ಲಿ ಎಡಗಡೆ ಸ್ಪೀಕರ್ ಕ್ಷೀಣವಾಯಿತು. ದೊಡ್ಡಮ್ಮನ ಮಗ, ಅಂದ್ರೆ ನಮ್ಮಣ್ಣ, ಶಿವಮೊಗ್ಗದಿಂದ ಫೋನ್ ಮಾಡಿದ. “ಹಳೇದನ್ನ ಗುಜರಿಗೆ ಹಾಕಿ ಒಂದು ಸೌಂಡ್‌ಬಾರ್ ತಗೊಳ್ಳೋಣ ಕಣೋ. 14 ಸಾವಿರ. ಕಾರ್ಟಿಗೆ ಹಾಕಿಟ್ಟಿದೀನಿ. ಆರ್ಡರ್ ಮಾಡ್ಲಾ?” ಮನೆಯಲ್ಲೊಬ್ಬ ಇಂಜಿನಿಯರ್ ಇದ್ದರೆ ಮಿಕ್ಸಿಯಿಂದ ವೈಫೈವರೆಗೆ ಎಲ್ಲದಕ್ಕೂ ಅವನೇ ಉತ್ತರ ಕೊಡಬೇಕಲ್ಲ.

ನಾನು ದೊಡ್ಡಮ್ಮನ ಹತ್ತಿರ ಏನಾಗಿದೆ ಅಂತ ಕೇಳಿದೆ. ಅವರು ಹೇಳಿದ ಉತ್ತರ ಯಾವ ಬಗ್ ರಿಪೋರ್ಟಿಗೂ ಕಮ್ಮಿ ಇರಲಿಲ್ಲ. “ಕೃಷ್ಣಸಂಧಾನದಲ್ಲಿ ಕೌರವ ಸರಿ ಇದಾನೆ ಮಾರಾಯ. ಕೃಷ್ಣನೇ ಆಚೆಮನೇಲಿ ಕೂತು ಮಾತಾಡ್ದಂಗೆ ಕೇಳ್ತದೆ. ಯಾರು ಎಲ್ಲಿ ಕೂತಿದಾರೆ ಅಂತ್ಲೇ ಗೊತ್ತಾಗಲ್ಲ.”

ದೊಡ್ಡಪ್ಪ ಇಟ್ಟ ಎರಡು ಮೈಕಿನ ನಡುವೆ ಅರ್ಥಧಾರಿಗಳು ಎದುರುಬದುರು ಕೂತಿದ್ದರು. ಎಡಗಡೆ ಕೃಷ್ಣ, ಬಲಗಡೆ ಕೌರವ, ನಡುವೆ ಭಾಗವತರು. ಕಣ್ಣಿಲ್ಲದ ದೊಡ್ಡಮ್ಮ ಇಡೀ ಕೂಟವನ್ನು ಕಾಣುತ್ತಿದ್ದದ್ದೇ ಆ ಎಡ–ಬಲದ ಲೆಕ್ಕದಲ್ಲಿ.

ಎರಡು ಕಿವಿ, ಎರಡು ದಾರಿ

ಎಡಗಡೆಯಿಂದ ಬಂದ ಸದ್ದು ನಮ್ಮ ಎಡಗಿವಿಗೆ ಮೊದಲು ತಲುಪುತ್ತೆ. ಬಲಗಿವಿಗೆ ತಲುಪೋದು ಸ್ವಲ್ಪ ತಡ. ಆ ತಡ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಲ್ಲೇ ಮಿದುಳು ದಿಕ್ಕು ಹೇಳಿಬಿಡುತ್ತೆ. ಎರಡು ಕಿವಿಗೆ ಬೀಳುವ ಸದ್ದಿನ ಗಟ್ಟಿತನದ ವ್ಯತ್ಯಾಸವನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ.

ಇದನ್ನು ಹಿಡಿದಿಡಬಹುದು ಅಂತ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದವನು ಇಂಗ್ಲೆಂಡಿನ ಇಎಂಐ ಕಂಪನಿಯ ಇಂಜಿನಿಯರ್ ಅಲನ್ ಬ್ಲಮ್‌ಲೈನ್. ಸಿನಿಮಾ ನೋಡುವಾಗ ನಟ ಪರದೆಯ ಒಂದು ತುದಿಯಲ್ಲಿದ್ದರೆ ದನಿ ಇನ್ನೆಲ್ಲಿಂದಲೋ ಬರುತ್ತಿದ್ದದ್ದು ಅವನಿಗೆ ಕಿರಿಕಿರಿಯಾಗಿತ್ತು ಅನ್ನುತ್ತಾರೆ. ಆಗ ಅವನಿಗೆ ಇನ್ನೂ 28 ವರ್ಷ. 1942ರಲ್ಲಿ ಯುದ್ಧವಿಮಾನಕ್ಕೆ ರೇಡಾರ್ ಪರೀಕ್ಷೆ ಮಾಡುವಾಗ ವಿಮಾನ ಬಿದ್ದು ತೀರಿಕೊಂಡ. ಸ್ಟೀರಿಯೊ ರೆಕಾರ್ಡುಗಳು ಅಂಗಡಿಗೆ ಬಂದಿದ್ದು 1950ರ ದಶಕದ ಕೊನೆಗೆ.

ಹಾಗಾಗಿ ಸ್ಟೀರಿಯೊ ಆಂಪ್ಲಿಫೈಯರ್ ಅಂದ್ರೆ ಒಂದೇ ಡಬ್ಬದಲ್ಲಿ ಕೂತ ಎರಡು ಆಂಪ್ಲಿಫೈಯರ್. ಎಡಕ್ಕೊಂದು, ಬಲಕ್ಕೊಂದು, ಅಚ್ಚು ಹಾಕಿದ ಹಾಗೆ ಒಂದೇ ಥರ. ಸಾಮಾನ್ಯವಾಗಿ ಕರೆಂಟ್ ಪೂರೈಕೆ ಮಾತ್ರ ಇಬ್ಬರಿಗೂ ಒಂದೇ, ವಿಭಜನೆಯಾಗದ ಅಣ್ಣತಮ್ಮಂದಿರ ಮನೆ ಬಾವಿಯ ಹಾಗೆ. ಎರಡೂ ಸ್ಪೀಕರ್ ಒಟ್ಟಿಗೆ ಸತ್ತರೆ ಮೊದಲು ಬಾವಿ ನೋಡಬೇಕು, ಅಂದ್ರೆ ಫ್ಯೂಸು, ಪವರ್ ಸಪ್ಲೈ. ಒಂದೇ ಕಡೆ ಸತ್ತರೆ ಬಾವಿ ಬಹುತೇಕ ಸರಿಯಿದೆ, ತೊಂದರೆ ಆ ಒಂದು ದಾರಿಯಲ್ಲಿದೆ.

ನೀರಗಂಟಿಯ ಕೆಲಸ

ಆಂಪ್ಲಿಫೈಯರ್ ಸಣ್ಣ ಸದ್ದನ್ನು ಹಿಗ್ಗಿಸಿ ದೊಡ್ಡದು ಮಾಡುತ್ತೆ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಒಳಗೆ ನಡೆಯೋದು ಬೇರೆ.

ಕೆರೆ ಏರಿಯ ಮೇಲೆ ನಿಂತ ನೀರಗಂಟಿಯನ್ನು ನೆನೆಸಿಕೊಳ್ಳಿ. ಅವನು ತೂಬನ್ನು ಒಂದು ಗೇಣು ಎತ್ತಿದರೆ ಕಾಲುವೆ ತುಂಬಾ ನೀರು, ಇಳಿಸಿದರೆ ಸಣ್ಣ ಹರಿವು. ನೀರು ಅವನ ತೋಳಿನಿಂದ ಬರಲ್ಲ, ಕೆರೆಯಿಂದ ಬರುತ್ತೆ. ಅವನ ಕೈ ಹೇಗೆ ಆಡುತ್ತೋ ಕಾಲುವೆಯ ನೀರು ಹಾಗೆ ಆಡುತ್ತೆ, ಅಷ್ಟೇ.

ಫೋನಿನಿಂದ ಬರುವ ಸಿಗ್ನಲ್ ಆ ಕೈ. ಅದು ಒಂದು ವೋಲ್ಟಿನ ಆಸುಪಾಸು, ಅದರಲ್ಲಿ ಕರೆಂಟ್ ಇಲ್ಲವೇ ಇಲ್ಲ ಅನ್ನಬಹುದು. 8 ಓಮಿನ ಸ್ಪೀಕರ್‌ಗೆ 20 ವ್ಯಾಟ್ ಕೊಡಬೇಕಾದರೆ ಹತ್ತಿರ ಹತ್ತಿರ 12.6 ವೋಲ್ಟು, 1.6 ಆಂಪಿಯರ್ ಬೇಕು. ಅದು ಬರೋದು ಗೋಡೆಯ ಪ್ಲಗ್ಗಿನಿಂದ. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಇಳಿಸುತ್ತೆ. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ಹರಿಸುತ್ತವೆ. ಡಬ್ಬಿಯಾಕಾರದ ದೊಡ್ಡ ಕೆಪಾಸಿಟರ್‌ಗಳು ಕೆರೆಯಂತೆ ತುಂಬಿಸಿಟ್ಟುಕೊಳ್ಳುತ್ತವೆ. ಟ್ರಾನ್ಸಿಸ್ಟರ್ ಅನ್ನೋದು ತೂಬು. ಸಿಗ್ನಲ್ ತೂಬನ್ನು ಆಡಿಸಿದಂತೆ ಕೆರೆಯ ಕರೆಂಟ್ ಸ್ಪೀಕರಿಗೆ ಹರಿಯುತ್ತೆ. ಅಂದ್ರೆ ನಾವು ಕೇಳೋದು ಹಿಗ್ಗಿಸಿದ ಹಳೇ ಸಿಗ್ನಲ್ ಅಲ್ಲ, ಅದರ ಅಚ್ಚಿನಂತೆ ಹೊಸದಾಗಿ ಮಾಡಿದ ದೊಡ್ಡ ಪ್ರತಿ. ಅದಕ್ಕೇ ಕೆರೆ ಚಿಕ್ಕದಿದ್ದರೆ ತೂಬು ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ.

ವಾಲ್ಯೂಮ್ ಗುಂಡಿಯೂ ಹಾಗೇ. ಹೆಚ್ಚಿನ ಹಳೇ ಆಂಪ್ಲಿಫೈಯರ್‌ಗಳಲ್ಲಿ ಅದು ಆಕ್ಸಿಲರೇಟರ್ ಅಲ್ಲ, ಬ್ರೇಕು. ಒಳಬರುವ ಸಿಗ್ನಲಿನಲ್ಲಿ ಎಷ್ಟನ್ನು ತಡೀಬೇಕು ಅಂತ ಅದು ನಿರ್ಧರಿಸುತ್ತೆ. ಹಾಗಾಗಿ ಗುಂಡಿ ಅರ್ಧಕ್ಕಿದ್ದರೆ ಆಂಪ್ಲಿಫೈಯರ್ ಅರ್ಧ ಶಕ್ತಿಯಲ್ಲಿದೆ ಅಂತ ಅರ್ಥವಲ್ಲ.

ಗರಗಸದ ಎರಡು ತುದಿ

ಸದ್ದು ಅಂದ್ರೆ ಅಲೆ. ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ. ಇದಕ್ಕೆ ಒಂದೇ ಟ್ರಾನ್ಸಿಸ್ಟರ್ ಇಟ್ಟು ದಿನವಿಡೀ ಪೂರ್ತಿ ಕರೆಂಟ್ ಹರಿಸುವ ಪದ್ಧತಿಗೆ ಕ್ಲಾಸ್ ಎ ಅಂತ ಹೆಸರು. ದನಿ ಚೆಂದ, ಆದರೆ ಹಾಡು ಇಲ್ಲದಿದ್ದಾಗಲೂ ಡಬ್ಬ ಕಾವಲಿಯಂತೆ ಕಾಯುತ್ತಿರುತ್ತೆ.

ಅದಕ್ಕೆ ಇಬ್ಬರನ್ನು ಹಚ್ಚಿದರು. ಮರ ಕೊಯ್ಯುವ ಉದ್ದ ಗರಗಸ ನೋಡಿದ್ದೀರಲ್ಲ, ಒಬ್ಬ ಎಳೆದಾಗ ಇನ್ನೊಬ್ಬ ಸುಮ್ಮನಿರ್ತಾನೆ. ಅಲೆಯ ಮೇಲಿನ ಅರ್ಧ ಒಂದು ಟ್ರಾನ್ಸಿಸ್ಟರಿಗೆ, ಕೆಳಗಿನ ಅರ್ಧ ಇನ್ನೊಂದಕ್ಕೆ. ಇದು ಕ್ಲಾಸ್ ಬಿ. ತೊಂದರೆ ಏನಂದ್ರೆ, ಒಬ್ಬ ಕೈಬಿಟ್ಟು ಇನ್ನೊಬ್ಬ ಹಿಡಿಯುವ ಗಳಿಗೆಯಲ್ಲಿ ಗರಗಸ ಒಂಚೂರು ತಡವರಿಸುತ್ತೆ. ಮೆಲ್ಲಗಿನ ದನಿಯಲ್ಲಿ ಈ ತಡವರಿಕೆ ಒರಟಾಗಿ ಕೇಳುತ್ತೆ. ಪರಿಹಾರ ಸರಳ: ಇಬ್ಬರೂ ಪೂರ್ತಿ ಕೈ ಬಿಡೋದೇ ಬೇಡ, ಸುಮ್ಮನಿರುವಾಗಲೂ ಹಿಡಿಯನ್ನು ಹಗುರಾಗಿ ಹಿಡಿದಿರಲಿ. ಅದೇ ಕ್ಲಾಸ್ ಎಬಿ. ದೊಡ್ಡಮ್ಮನ ಮನೆಯದ್ದೂ ಸೇರಿ ಆ ಕಾಲದ ಬಹುತೇಕ ಟ್ರಾನ್ಸಿಸ್ಟರ್ ಸ್ಟೀರಿಯೊಗಳು ಇದೇ ಜಾತಿ.

ಇಷ್ಟಾದರೂ ಪ್ರತಿ ಪೂರ್ತಿ ಅಚ್ಚಾಗಲ್ಲ. ಇದಕ್ಕೆ ಮದ್ದು ಹುಡುಕಿದವನು ಬೆಲ್ ಲ್ಯಾಬ್ಸಿನ ಹೆರಾಲ್ಡ್ ಬ್ಲ್ಯಾಕ್. 1927ರ ಆಗಸ್ಟ್ 2ರಂದು ದೋಣಿಯಲ್ಲಿ ಹಡ್ಸನ್ ನದಿ ದಾಟಿ ಆಫೀಸಿಗೆ ಹೋಗುವಾಗ ಹೊಳೆದದ್ದನ್ನು ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೇಲೇ ಗೀಚಿದ. ಹೊರಗೆ ಹೋಗುವ ಸಿಗ್ನಲಿನ ಒಂದು ಚೂರನ್ನು ವಾಪಸ್ ತಂದು, ಒಳಗೆ ಬಂದದ್ದರ ಜೊತೆ ಹೋಲಿಸಿ, ವ್ಯತ್ಯಾಸವನ್ನು ಆಗಿಂದಾಗಲೇ ತಿದ್ದೋದು. ನೆಗೆಟಿವ್ ಫೀಡ್‌ಬ್ಯಾಕ್. ನಮ್ಮ ಕಡೆ ಕೋಡ್ ರಿವ್ಯೂ ಅಂತೀವಲ್ಲ, ಅದೇ, ಆದರೆ ಕ್ಷಣಕ್ಷಣಕ್ಕೂ. ಪೇಟೆಂಟ್ ಕೈಗೆ ಬರೋಕೆ 1937 ಆಗಬೇಕಾಯಿತು. ನಿಮ್ಮ ಪಿಆರ್ ಎರಡು ವಾರದಿಂದ ಪೆಂಡಿಂಗ್ ಇದ್ದರೆ ಸಮಾಧಾನ ಮಾಡಿಕೊಳ್ಳಿ.

ಈಗಿನ ಬ್ಲೂಟೂತ್ ಸ್ಪೀಕರು, ಸೌಂಡ್‌ಬಾರುಗಳಲ್ಲಿ ಹೆಚ್ಚಾಗಿ ಇರೋದು ಕ್ಲಾಸ್ ಡಿ. ಇಲ್ಲಿ ತೂಬನ್ನು ಅರ್ಧಂಬರ್ಧ ತೆರೆಯೋ ಮಾತೇ ಇಲ್ಲ. ಪೂರ್ತಿ ತೆಗಿ, ಪೂರ್ತಿ ಮುಚ್ಚು, ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ಎಷ್ಟು ಹೊತ್ತು ತೆರೆದಿತ್ತು ಅನ್ನುವ ಪ್ರಮಾಣದಲ್ಲೇ ಹಾಡು ಅಡಗಿರುತ್ತೆ. ಕೊನೆಯಲ್ಲಿ ಒಂದು ಸುರುಳಿ, ಒಂದು ಕೆಪಾಸಿಟರ್ ಸೇರಿ ಅದನ್ನು ನಯವಾದ ಅಲೆ ಮಾಡುತ್ತವೆ. ಶಾಖವಾಗಿ ಪೋಲಾಗೋದು ತೀರಾ ಕಡಿಮೆ. ಯುಪಿಎಸ್ ಮೇಲೆ ನಡೆಯುವ ಮನೆಗಳಿಗೆ ಇದು ದೊಡ್ಡ ಅನುಕೂಲ. ಚೆನ್ನಾಗಿ ಮಾಡಿದರೆ ದನಿಯಲ್ಲೂ ಎಬಿಗೆ ಏನೂ ಕಡಿಮೆಯಿಲ್ಲ. ಹಿಂದೆ ಆಂಪ್ಲಿಫೈಯರನ್ನು ಎತ್ತಿ ನೋಡಿ, ಭಾರ ಇದ್ದರೆ ಒಳ್ಳೇದು ಅನ್ನುತ್ತಿದ್ದರು. ಈಗ ಆ ಪರೀಕ್ಷೆ ನಡೆಯಲ್ಲ.

ಒಂದು ವ್ಯಾಟಿನ ಲೆಕ್ಕ

ಹಾಗಾದ್ರೆ ನಮಗೆ ಎಷ್ಟು ವ್ಯಾಟ್ ಬೇಕು? ಸಾಧಾರಣ ಮನೆ ಸ್ಪೀಕರಿನ ವಿವರದಲ್ಲಿ 87 ಡೆಸಿಬೆಲ್ ಅಂತ ಇರುತ್ತೆ ಅಂದುಕೊಳ್ಳಿ. ಒಂದೇ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಅಂತ ಅರ್ಥ. ಎರಡು ಸ್ಪೀಕರ್ ಸೇರಿ, ಮೂರು ಮೀಟರ್ ದೂರದ ಸೋಫಾಗೆ ಬರುವ ಹೊತ್ತಿಗೆ ಅದು 80ರ ಆಸುಪಾಸಿಗೆ ಇಳಿದಿರುತ್ತೆ. ನಾವು ಎದುರುಬದುರು ಕೂತು ಮಾತಾಡೋದು 60 ಡೆಸಿಬೆಲ್. ವಾರಕ್ಕೆ 40 ಗಂಟೆ ಕೇಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ 80 ಡೆಸಿಬೆಲ್. ಅಲ್ಲಿಗೆ ಒಂದು ವ್ಯಾಟ್ ಬಾಡಿಗೆ ಮನೆಯ ಹಾಲಿಗೆ ಧಾರಾಳ. ಪಕ್ಕದ ಮನೆಯವರಿಗೂ ಸಿಕ್ಕುತ್ತೆ.

ಮತ್ತೆ 40, 50 ವ್ಯಾಟಿನ ಆಂಪ್ಲಿಫೈಯರ್ ಯಾಕೆ ಬೇಕು? ಸರಾಸರಿ ಟ್ರಾಫಿಕ್ ನೋಡಿ ಸರ್ವರ್ ಹಾಕಿದರೆ ಐಪಿಎಲ್ ಫೈನಲ್ ದಿನ ಏನಾಗುತ್ತೆ ಅಂತ ನಿಮಗೆ ಗೊತ್ತು. ಇಲ್ಲೂ ಅದೇ ಕತೆ. ಅರ್ಥಧಾರಿಯ ಮಾತಿಗೆ ಕಾಲು ವ್ಯಾಟ್ ಸಾಕು. ಮರುಕ್ಷಣ ಚಂಡೆಯ ಪೆಟ್ಟು ಬಿದ್ದು ಸದ್ದು 20 ಡೆಸಿಬೆಲ್ ಜಿಗಿದರೆ ಬೇಕಾಗೋದು ನೂರು ಪಟ್ಟು ಶಕ್ತಿ, ಅಂದ್ರೆ 25 ವ್ಯಾಟ್. ಅಷ್ಟು ಇಲ್ಲದಿದ್ದರೆ ಅಲೆಯ ತಲೆ ಅಟ್ಟಕ್ಕೆ ಬಡಿದು ಚಪ್ಪಟೆಯಾಗುತ್ತೆ. ಇದನ್ನೇ ಕ್ಲಿಪ್ಪಿಂಗ್ ಅನ್ನೋದು. ದನಿ ಒಡೆಯುತ್ತೆ, ಹಾಗೇ ಬಿಟ್ಟರೆ ಸ್ಪೀಕರಿನ ಟ್ವೀಟರ್ ಸುಡಲೂಬಹುದು.

ಇನ್ನೊಂದು ಮಾತು. 50ರ ಬದಲು 100 ವ್ಯಾಟಿಗೆ ದುಡ್ಡು ಕೊಟ್ಟರೆ ಸಿಗೋದು ಬರೀ 3 ಡೆಸಿಬೆಲ್. ಕಿವಿಗೆ ‘ಸ್ವಲ್ಪ ಜೋರು’ ಅನ್ನಿಸುತ್ತೆ, ಅಷ್ಟೇ. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಅಣ್ಣನ ಕಾರ್ಟು ಏನಾಯಿತು?

ಸೌಂಡ್‌ಬಾರ್ ಕೆಟ್ಟದ್ದಲ್ಲ. ಸಿನಿಮಾಗೆ ಚೆನ್ನಾಗಿರುತ್ತೆ. ಆದರೆ ಅದರ ಎಡ–ಬಲದ ಸ್ಪೀಕರುಗಳು ಮೂರಡಿಯ ಒಂದೇ ಕೋಲಿನಲ್ಲಿರುತ್ತವೆ. ದೊಡ್ಡಮ್ಮನ ಸ್ಪೀಕರುಗಳ ನಡುವೆ ಇರೋದು ಎಂಟಡಿ. ಕೃಷ್ಣನೂ ಕೌರವನೂ ಒಂದೇ ಚಾಪೆಯಲ್ಲಿ ತೊಡೆಗೆ ತೊಡೆ ತಾಗಿಸಿ ಕೂತಂತಾಗುತ್ತಿತ್ತು. ಜೊತೆಗೆ ಮಾತು ಅರ್ಥವಾಗೋದು ಹೆಚ್ಚಾಗಿ 1000ದಿಂದ 4000 ಹರ್ಟ್ಜಿನ ಆಸುಪಾಸಿನ ಸದ್ದಿನಿಂದ. ಸಬ್‌ವೂಫರಿನ ಗುಡುಗು ಅದನ್ನು ಮುಚ್ಚುತ್ತೆ. ಅರ್ಥಗಾರಿಕೆ ಕೇಳುವವರಿಗೆ ಗುಡುಗು ಯಾಕೆ?

ಅಣ್ಣನಿಗೆ ವಿಡಿಯೊ ಕಾಲ್ ಮಾಡಿಸಿ ನಾವು ದಿನಾ ಮಾಡೋ ಕೆಲಸವನ್ನೇ ಮಾಡಿದೆವು. ಅರ್ಧ ಅರ್ಧ ಮಾಡಿ ತಪ್ಪು ಹುಡುಕೋದು.

ಮೊದಲು ಫೋನಿನಿಂದ ಬರುವ ಎಡ–ಬಲದ ಪಿನ್ನುಗಳನ್ನು ಅದಲುಬದಲು ಮಾಡಿಸಿದೆ. ಕ್ಷೀಣ ದನಿ ಬಲಕ್ಕೆ ಹೋಗಿದ್ದರೆ ತಪ್ಪು ಫೋನಿನದ್ದೋ ವೈರಿನದ್ದೋ. ಹೋಗಲಿಲ್ಲ, ಎಡದಲ್ಲೇ ಉಳಿಯಿತು. ಆಮೇಲೆ ಪ್ಲಗ್ ಕಿತ್ತು, ಸ್ಪೀಕರ್ ವೈರುಗಳನ್ನು ಅದಲುಬದಲು ಮಾಡಿಸಿದೆ. ಈಗ ಎಡ ಸ್ಪೀಕರ್ ಖಣಖಣ, ಬಲದ್ದು ಕ್ಷೀಣ. ಸ್ಪೀಕರುಗಳೆರಡೂ ಸರಿ ಇವೆ, ಕೆಟ್ಟಿದ್ದು ಆಂಪ್ಲಿಫೈಯರಿನ ಎಡದ ದಾರಿ.

ಇನ್ನೊಂದು ಸುಳಿವನ್ನು ದೊಡ್ಡಮ್ಮನೇ ಕೊಟ್ಟರು. “ಜೋರು ಮಾಡಿದ್ರೆ ಒಂದೊಂದು ಸಲ ಟಪ್ ಅಂತ ಸರಿಯಾಗ್ತದೆ. ಮಾರನೇ ದಿನ ಮತ್ತೆ ಅದೇ.” ಆಂಪ್ಲಿಫೈಯರ್ ಆನ್ ಮಾಡಿದ ಎರಡು–ಮೂರು ಸೆಕೆಂಡಿಗೆ ‘ಟಕ್’ ಅಂತ ಸದ್ದು ಬರುತ್ತಲ್ಲ, ಅದು ರಿಲೇ. ಒಳಗೆ ಏನಾದರೂ ಕೆಟ್ಟರೆ ಸ್ಪೀಕರ್ ಸುಡದ ಹಾಗೆ ಕಾಯುವ ಬಾಗಿಲು. ಮಲೆನಾಡಿನ ತೇವಕ್ಕೆ ಅದರ ಸಂಪರ್ಕದ ಬಿಂದುಗಳು ಕಪ್ಪಾದರೆ ಸಣ್ಣ ಕರೆಂಟ್ ದಾಟೋಕೆ ಒದ್ದಾಡುತ್ತೆ, ದೊಡ್ಡ ಕರೆಂಟ್ ಆ ಪೊರೆಯನ್ನು ಒಡೆದು ದಾಟುತ್ತೆ. ದೊಡ್ಡಮ್ಮ ಹೇಳಿದ್ದು ಅಕ್ಷರಶಃ ಅದನ್ನೇ.

ಮುಚ್ಚಳ ಬಿಚ್ಚಬೇಡ ಅಂತ ಅಣ್ಣನಿಗೆ ಎರಡೆರಡು ಸಲ ಹೇಳಿದೆ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತೆ. ಪೇಟೆಯ ರಿಪೇರಿಯವರ ಹತ್ತಿರ ಕೊಟ್ಟು ಬಂದ. ಅವರು ರಿಲೇ ಬದಲಾಯಿಸಿ, ವಾಲ್ಯೂಮ್ ಗುಂಡಿಯ ಧೂಳು ತೆಗೆದು, ಕೂಲಿ ಸೇರಿಸಿ 650 ರೂಪಾಯಿ ತಗೊಂಡರು. ಸೌಂಡ್‌ಬಾರ್ ಕಾರ್ಟಿನಲ್ಲೇ ಉಳಿಯಿತು. ಆ ಸಂಜೆ ದೊಡ್ಡಮ್ಮ ಫೋನ್ ಮಾಡಿ ಹೆಚ್ಚೇನೂ ಹೇಳಲಿಲ್ಲ. “ಬಂದು ಕೂತ” ಅಂದರು, ಅಷ್ಟೇ.

ಕೊಳ್ಳುವ ಮುಂಚೆ

ಹೊಸದು ಕೊಳ್ಳಲೇಬೇಕು ಅಂತಿದ್ದರೆ ಇಷ್ಟು ನೋಡಿ.

ಪಿಎಂಪಿಒ ಬಿಡಿ, ಆರ್‌ಎಂಎಸ್ ವ್ಯಾಟ್ ಕೇಳಿ. ಅದು ಒಂದು ಚಾನೆಲಿಗೋ ಎರಡೂ ಸೇರಿಯೋ, ಎಷ್ಟು ಓಮಿಗೆ, ಎಷ್ಟು ವಿಕೃತಿಯಲ್ಲಿ ಅಂತಲೂ ಕೇಳಿ. ಶೇ 10 ವಿಕೃತಿಯಲ್ಲಿ ಅಳೆದ 50 ವ್ಯಾಟ್, ಶೇ 1ರಲ್ಲಿ ಅಳೆದ 50 ವ್ಯಾಟ್ ಎರಡೂ ಒಂದೇ ಅಲ್ಲ.

ಆಂಪ್ಲಿಫೈಯರಿನ ಹಿಂದೆ ‘8 ಓಮ್ ಕನಿಷ್ಠ’ ಅಂತ ಇದ್ದರೆ 4 ಓಮಿನ ಸ್ಪೀಕರ್ ಹಾಕಬೇಡಿ. ಎರಡು ಪಟ್ಟು ಕರೆಂಟ್ ಎಳೆದು ಅದು ಕಾದು ಹೋಗುತ್ತೆ.

ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಗೆ ಚಾನೆಲಿಗೆ 20–30 ನಿಜವಾದ ವ್ಯಾಟ್ ಸಾಕು. ಉಳಿದ ದುಡ್ಡನ್ನು ಸ್ಪೀಕರ್ ಮೇಲೆ ಹಾಕಿ.

ಕೊನೆಯದು, ಖರ್ಚಿಲ್ಲದ್ದು. ಮನೆಯಲ್ಲಿ ಈಗಾಗಲೇ ಸ್ಟೀರಿಯೊ ಇದ್ದರೆ ಹಿಂದೆ ಹೋಗಿ ನೋಡಿ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ, ಎರಡೂ ಸ್ಪೀಕರಿನಲ್ಲಿ ಹಾಗೇ ಇರಬೇಕು. ಒಂದರಲ್ಲಿ ತಿರುಗುಮುರುಗಾಗಿದ್ದರೆ ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತೆ. ಬಾಸ್ ಮಾಯವಾಗುತ್ತೆ, ಹಾಡುವವರು ನಡುವೆ ನಿಲ್ಲೋದೇ ಇಲ್ಲ. ಸರಿ ಮಾಡಿ, ಎರಡು ಸ್ಪೀಕರಿನಿಂದಲೂ ಸಮದೂರದಲ್ಲಿ ಕೂತು, ಅರವತ್ತರ ದಶಕದ ಯಾವುದಾದರೂ ಹಳೇ ಚಿತ್ರಗೀತೆ ಹಾಕಿ. ಅವು ಮೋನೊ, ಎರಡೂ ಕಡೆ ಬರೋದು ಒಂದೇ ಸದ್ದು. ಕಣ್ಣು ಮುಚ್ಚಿಕೊಂಡರೆ ದನಿ ಎಡದಿಂದಲೂ ಬರಲ್ಲ, ಬಲದಿಂದಲೂ ಬರಲ್ಲ. ಸ್ಪೀಕರೇ ಇಲ್ಲದ ನಟ್ಟನಡುವಿನಿಂದ ಬರುತ್ತೆ. ಹಾಗೆ ಬಂದರೆ ನಿಮ್ಮ ಮನೆಯ ಎರಡೂ ಆಂಪ್ಲಿಫೈಯರ್ ಸರಿ ಇವೆ ಅಂತ ಲೆಕ್ಕ.